ಕಾರಿನ ಕೀಲಿಕೈ: ಲೋಹದಿಂದ ಸಂಕೇತದವರೆಗೆ

ಚಾಮರಾಜಪೇಟೆಗೆ ಸಮೀಪದ ಜೆ.ಸಿ. ರಸ್ತೆಯಲ್ಲಿ ಕಾರಿನ ಬಿಡಿಭಾಗಗಳು ಹೇರಳ. ಆದರೂ ಎಲೆಕ್ಟ್ರಾನಿಕ್ ಕೀಲಿಕೈ ಕಳೆದುಕೊಂಡವರು ಸಾವಿರಾರು ರೂಪಾಯಿ ತೆರಬೇಕಾಗುತ್ತದೆ. ಏಕೆ ಗೊತ್ತೇ?

1986ರಲ್ಲಿ ಅಮೆರಿಕದ ಕಾರ್ವೆಟ್ ಕಾರಿನ ಕೀಲಿಕೈಯಲ್ಲಿ ಪುಟ್ಟ ರೋಧಕವೊಂದನ್ನು ಹುದುಗಿಸಲಾಯಿತು. ರೋಧ ಹೊಂದದಿದ್ದರೆ ಎಂಜಿನ್ ಚಾಲೂ ಆಗುತ್ತಿರಲಿಲ್ಲ. ಆದರೆ ಬಳಸಿದ ರೋಧದ ಪ್ರಮಾಣಗಳು 15 ಮಾತ್ರ; ಕಳ್ಳ ಒಂದೊಂದಾಗಿ ಪರೀಕ್ಷಿಸಬಹುದಿತ್ತು.

ಮುಂದೆ ಟ್ರಾನ್ಸ್‌ಪಾಂಡರ್ ಚಿಪ್ ಬಂದಿತು. ಇದಕ್ಕೆ ಬ್ಯಾಟರಿ ಬೇಡ. ಕೀಲಿರಂಧ್ರದ ಸುತ್ತಲಿನ ತಂತಿಸುರುಳಿಯಲ್ಲಿ ಪರ್ಯಾಯ ವಿದ್ಯುತ್ ಹರಿದಾಗ, ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯಿಂದಲೇ ಚಿಪ್ ಶಕ್ತಿ ಪಡೆದು ತನ್ನ ಸಂಕೇತವನ್ನು ಕಳಿಸುತ್ತದೆ. ಸಂಕೇತ ಸರಿಯಿದ್ದರಷ್ಟೇ ಎಂಜಿನ್‌ಗೆ ಅನುಮತಿ. 1998ರಿಂದ ಯೂರೋಪ್ ಒಕ್ಕೂಟದ ಹೊಸ ಕಾರುಗಳಲ್ಲಿ ಇಂತಹ ಎಲೆಕ್ಟ್ರಾನಿಕ್ ತಡೆ ಕಡ್ಡಾಯವಾಯಿತು.

ಹೀಗಾಗಿ ನೀವು ಹಣ ತೆರುವುದು ಲೋಹಕ್ಕಲ್ಲ. ಚಿಪ್‌ಗೆ ಮತ್ತು ಅದನ್ನು ಕಾರಿನ ಕಂಪ್ಯೂಟರಿಗೆ ಪರಿಚಯಿಸುವ ಕೆಲಸಕ್ಕೆ. ಒಂದು ಕೀಲಿಕೈ ಕೈಯಲ್ಲಿರುವಾಗಲೇ ಇನ್ನೊಂದನ್ನು ಮಾಡಿಸಿಡಿ. ಎರಡೂ ಕಳೆದರೆ ಖರ್ಚು ಇನ್ನೂ ಹೆಚ್ಚು.