ಸಾಲೋಟಗಿಯ ಶಾಲೆಯೂ ಅಧ್ಯಾಪಕವೃತ್ತಿಯೂ

ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಪಾವಿಟ್ಟಗೆಯಲ್ಲಿ, ಅಂದರೆ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ, ಕಟ್ಟಿಸಿದ ಶಾಲೆಯ ವೃತ್ತಾಂತವು ಕ್ರಿ. ಶ. 945ರ ಶಾಸನದಿಂದ ವಿದಿತವಾಗುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳೂ, ದೀಪಕ್ಕೆ 12 ನಿವರ್ತನ ಭೂಮಿಯೂ, ಉಪಾಧ್ಯಾಯನಿಗೆ 50 ನಿವರ್ತನವೂ ಬಿಡಲ್ಪಟ್ಟಿದ್ದುವು. ಇಷ್ಟೇ ಆಗಿದ್ದರೆ ಇದು ಹತ್ತು ದಾನಗಳಲ್ಲಿ ಹನ್ನೊಂದನೆಯದೆನಿಸುತ್ತಿದ್ದಿತು. ಆದರೆ ಊರವರು ಮದುವೆಗೆ 5, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂವರೆ ಪುಷ್ಪವೆಂಬ ನಾಣ್ಯವನ್ನು ಸಲ್ಲಿಸತಕ್ಕುದೆಂಬ ಕಟ್ಟಳೆಯೂ ಅದರಲ್ಲುಂಟು. ಒಬ್ಬ ಅರಸು ಕೊಟ್ಟ ಭೂಮಿಯನ್ನು ಮತ್ತೊಬ್ಬನು ಕಸಿಯಬಹುದು. ಮದುವೆ ಮುಂಜಿಗಳು ಮಾತ್ರ ರಾಜ್ಯ ಪಲ್ಲಟವಾದರೂ ನಿಲ್ಲವು. ಈ ದೂರದೃಷ್ಟಿಯು ಭೂದಾನಕ್ಕಿಂತ ಶ್ಲಾಘ್ಯವಾದುದು.

ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನದಲ್ಲಿ, 1058ರ ಶಾಸನದಂತೆ, ವ್ಯಾಖ್ಯಾನಕಾರರಿಗಲ್ಲದೆ ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ಭೂವೃತ್ತಿಯು ಸಲ್ಲುತ್ತಿದ್ದಿತು.