ಪೇಟೆಯೊಳಗೆ ರಿವರ್ಸ್

ಶಿರಾಡಿ ಘಾಟಿಯಲ್ಲಿ ಲೋಡು ಗಾಡಿ ಇಳಿಸಿದವನನ್ನು ಊರಿನವರು ಹೊಗಳುತ್ತಿದ್ದರು. ಕಲಾಸಿಪಾಳ್ಯದ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ಹೊಸ ಡ್ರೈವರ್ ಬಗ್ಗೆ ಕೇಳುತ್ತಿದ್ದ ಪ್ರಶ್ನೆಯೇ ಬೇರೆ: "ಪೇಟೆಯೊಳಗೆ ಹಾಕ್ತಾನಾ?" ಘಾಟಿಯಲ್ಲಿ ಗಾಡಿ ಮುಂದಕ್ಕೆ ಹೋದರೆ ಸಾಕು. ಮಾಮೂಲುಪೇಟೆಯ ಓಣಿಗೆ ಎಂಟಡಿ ಅಗಲದ ಲಾರಿಯನ್ನು ರಾತ್ರಿ ಹೊತ್ತು ರಿವರ್ಸ್‌ನಲ್ಲಿ ನುಗ್ಗಿಸಿ, ಯಾರ ಜಗಲಿಯನ್ನೂ ಕೆಡವದೆ, ಬೆಳಗಾಗುವುದರೊಳಗೆ ಖಾಲಿ ಮಾಡಿಕೊಂಡು ಈಚೆ ಬರುವವನಿಗೆ ಸಂಬಳಕ್ಕಿಂತ ಹೆಚ್ಚಿನ ಮರ್ಯಾದೆ ಇತ್ತು.

ನಾನು ಎಪ್ಪತ್ತರ ದಶಕದಲ್ಲಿ ಸೋದರಮಾವನ ಲಾರಿಗೆ ಕ್ಲೀನರ್ ಆಗಿ ಹತ್ತಿದವನು. ಆಮೇಲೆ ಸ್ಟೇರಿಂಗ್ ಹಿಡಿದೆ, ಮಂಡಿ ನೋವು ಶುರುವಾದ ಮೇಲೆ ಬುಕಿಂಗ್ ಆಫೀಸಿನಲ್ಲಿ ಕೂತು ಬಿಲ್ಟಿ, ಅಂದರೆ ಮಾಲಿನ ರಸೀದಿ, ಬರೆದೆ. ಬೆಂಗಳೂರು ಪೇಟೆಯ ಇತಿಹಾಸ ಬರೆಯುವವರು ಕೋಟೆ, ದೇವಸ್ಥಾನ, ಕರಗದ ಬಗ್ಗೆ ಚೆನ್ನಾಗಿಯೇ ಬರೆದಿದ್ದಾರೆ. ಅಂಗಡಿ ಬಾಗಿಲಿಗೆ ಮಾಲು ಹೇಗೆ ಬಂತು ಅನ್ನುವುದು ಅವರಿಗೆ ಬೇಕಾದಂತೆ ಕಾಣುವುದಿಲ್ಲ.

1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿಸಿದಾಗ ದೊಡ್ಡಪೇಟೆ ಉತ್ತರ ದಕ್ಷಿಣವಾಗಿ, ಚಿಕ್ಕಪೇಟೆ ಪೂರ್ವ ಪಶ್ಚಿಮವಾಗಿ ಹಾಸಿಕೊಂಡವು. ಆ ದೊಡ್ಡಪೇಟೆಯೇ ಇವತ್ತಿನ ಅವೆನ್ಯೂ ರಸ್ತೆ. ಸುತ್ತ ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೆಪೇಟೆ, ತರಗುಪೇಟೆ ಎಂದು ಮಾಲಿಗೊಂದು ಬೀದಿ. ಮಾಲು ಬರುತ್ತಿದ್ದುದು ಹೇರೆತ್ತಿನ ಬೆನ್ನ ಮೇಲೆ. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಪೇಟೆಯ ವ್ಯಾಪಾರವನ್ನು ಬರೆದಿಟ್ಟದ್ದೂ ಎತ್ತಿನ ಹೇರುಗಳ ಲೆಕ್ಕದಲ್ಲೇ. ಎರಡು ಹೇರೆತ್ತು ಎದುರು ಬದುರಾದರೂ ಸಲೀಸಾಗಿ ದಾಟುವಷ್ಟು ಅಗಲ ಇದ್ದರೆ ಆ ಕಾಲಕ್ಕೆ ಅದು ಒಳ್ಳೆಯ ಬೀದಿ. ಹಾಗಾಗಿ ಬೀದಿ ಕಟ್ಟಿದವರನ್ನು ಬಯ್ಯುವವರ ಜೊತೆ ನಾನು ಸೇರುವುದಿಲ್ಲ.

ಪೇಟೆಗೆ ಗೋಡೆ, ಕಂದಕ, ಮುಳ್ಳುಬೇಲಿ ಎಲ್ಲ ಇದ್ದವು, ಹಲಸೂರು, ಯಲಹಂಕ, ಕೆಂಗೇರಿ, ಆನೇಕಲ್ ಕಡೆಗೆ ಬಾಗಿಲುಗಳಿದ್ದವು. ಈಗ ಬಾಗಿಲಿಲ್ಲ, ಹಲಸೂರು ಗೇಟ್ ಪೊಲೀಸ್ ಠಾಣೆ ಇದೆ. ಒಂದು ಬಾಗಿಲಲ್ಲಿ ಹೊಕ್ಕ ಎತ್ತು ಮಾಲು ಇಳಿಸಿ ಇನ್ನೊಂದು ಬಾಗಿಲಲ್ಲಿ ಹೊರಟುಹೋಗಬಹುದಿತ್ತು. ಹಿಂದಕ್ಕೆ ನಡೆಯುವ ಪ್ರಶ್ನೆಯೇ ಇರಲಿಲ್ಲ.

ಎತ್ತಿನ ಗಾಡಿಯ ಜೊತೆಗೆ ಮೊದಲ ಕಷ್ಟ ಬಂತು. ಗಾಡಿಯ ಅಚ್ಚು ಚಕ್ರದಿಂದಾಚೆ ಚಾಚಿಕೊಂಡಿರುತ್ತದೆ, ತಿರುವಿನಲ್ಲಿ ಮನೆಯ ಮೂಲೆಯನ್ನು ಕೆರೆಯುತ್ತದೆ. ಅದಕ್ಕೇ ಓಣಿಗಳ ಮೂಲೆಯಲ್ಲಿ ಗಿಡ್ಡನೆಯ ಕಲ್ಲು ನೆಡುತ್ತಿದ್ದರು. ನಾನು ಕ್ಲೀನರ್ ಆಗಿದ್ದಾಗ ಅಂಥ ಕಲ್ಲುಗಳು ಇನ್ನೂ ಇದ್ದವು, ನಮ್ಮ ಟೈರಿನ ಪಕ್ಕೆಗೆ ಅವೇ ಶತ್ರು. 1882ರಲ್ಲಿ ಮೈಸೂರಿನ ಮೀಟರ್ ಗೇಜ್ ರೈಲು ಹಾದಿ ಮುಗಿದ ಮೇಲೆ ಸಿಟಿ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಿಂದ ಪೇಟೆಗೆ ಮೂಟೆ ಹೊರುವ ಕೆಲಸ ಗಾಡಿಯವರ ಕೈಗೆ ಬಂತು. ಮುಂದೆ ದಾರಿ ಕಟ್ಟಿದ್ದರೆ ಗಾಡಿಯವರು ಮಾಡುತ್ತಿದ್ದುದು ಒಂದೇ: ಎತ್ತು ಬಿಚ್ಚಿ, ಮೂಕಿ ಎತ್ತಿ, ನಾಲ್ಕು ಜನ ಸೇರಿ ಗಾಡಿಯನ್ನು ಕೈಯಲ್ಲೇ ಹಿಂದಕ್ಕೆ ತಳ್ಳುವುದು.

ಲಾರಿಯನ್ನು ಹಾಗೆ ತಳ್ಳಲು ಆಗುವುದಿಲ್ಲ. 1954ರಿಂದ ಟಾಟಾದವರು ಮರ್ಸಿಡಿಸ್ ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡಲು ಶುರುಮಾಡಿದರು. ಒಪ್ಪಂದ ಮುಗಿದು ಎಷ್ಟೋ ವರ್ಷ ಆದಮೇಲೂ ನಮಗದು ಬೆಂಜ್ ಲಾರಿಯೇ. ಪವರ್ ಸ್ಟೇರಿಂಗ್ ಇಲ್ಲ. ನಿಂತ ಲಾರಿಯ ಸ್ಟೇರಿಂಗ್ ತಿರುಗಿಸಬೇಕಾದರೆ ಸೀಟಿನಿಂದ ಎದ್ದು ಮೈಭಾರವನ್ನೆಲ್ಲ ಹಾಕಬೇಕು. ಗಾಡಿ ಒಂದಿಷ್ಟಾದರೂ ಉರುಳುತ್ತಿರುವಾಗಲೇ ತಿರುಗಿಸು ಎಂದು ಮಾವ ಹೇಳುತ್ತಿದ್ದದ್ದು ಅದಕ್ಕೇ.

ರಾತ್ರಿ ಓಣಿಯಲ್ಲಿ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ, ಅಲ್ಲದೆ ಗೋಡೆಗೆ ತಾಗದಿರಲೆಂದು ಕನ್ನಡಿಯನ್ನು ಮೊದಲೇ ಒಳಕ್ಕೆ ಮಡಚಿರುತ್ತೇವೆ. ಕ್ಲೀನರ್‌ನ ದನಿಯೇ ಗತಿ. "ಬರ್ಲಿ ಬರ್ಲಿ, ಮಾವ, ರೈಟ್ ಒಡಿ, ಫುಲ್ ಒಡಿ, ಬರ್ಲಿ, ಸಾಕು!" ಅನ್ನುತ್ತಾ ಬಾಡಿಯನ್ನು ಅಂಗೈಯಲ್ಲಿ ತಟ್ಟಬೇಕು. ಹಮಾಲಿಗಳು, ಅಂಗಡಿಯ ಗುಮಾಸ್ತ, ಮಲಗಿದ್ದವನು ಎದ್ದು ಬಂದವನು, ಎಲ್ಲರೂ ಸೇರಿ ಕೂಗುತ್ತಾರೆ. ಆ ಗಲಾಟೆಯಲ್ಲಿ ತನ್ನ ಕ್ಲೀನರ್‌ನ ದನಿ ಒಂದನ್ನೇ ಕೇಳುವುದು ಡ್ರೈವರ್‌ನ ಕಸುಬು. ಬಟ್ಟೆ ಬೇಲುಗಳ ಲೋಡಾದರೆ ಇನ್ನೊಬ್ಬ ಟರ್ಪಾಲಿನ ಮೇಲೆ ಕೂತು, ತುದಿ ಕವಲಾದ ಬಿದಿರು ಕೋಲಿನಿಂದ ಜೋತುಬಿದ್ದ ವೈರುಗಳನ್ನು ಎತ್ತಿ ಹಿಡಿಯುತ್ತಿದ್ದ. ಕರೆಂಟಿನ ವೈರು ಯಾವುದು, ಟೆಲಿಫೋನಿನದು ಯಾವುದು ಅನ್ನುವ ವಿದ್ಯೆಯನ್ನು ಅವನಿಗೆ ಯಾರೂ ಕಲಿಸುತ್ತಿರಲಿಲ್ಲ. ನೆನೆಸಿಕೊಂಡರೆ ಈಗ ಭಯವಾಗುತ್ತದೆ.

ನಿಂತ ಮೇಲೂ ಲೆಕ್ಕಾಚಾರ ಮುಗಿಯುವುದಿಲ್ಲ. ಹಿಂದಿನ ಡೋರು ತೆರೆಯುವಷ್ಟು ಜಾಗ ಬೇಕು, ಹಮಾಲಿ ನೂರು ಕೇಜಿ ಮೂಟೆ ಬೆನ್ನಿಗೆ ಹಾಕಿಕೊಂಡು ತಿರುಗುವಷ್ಟು ಜಾಗ ಬೇಕು. ಒಂದು ಗೇಣು ಹೆಚ್ಚು ಹಿಂದಕ್ಕೆ ಹೋದರೆ ಅವರು ಕೊಕ್ಕೆ ಕೆಳಗಿಟ್ಟು ಕೂರುತ್ತಾರೆ. ಅವರ ಮಾತೇ ನಡೆಯಬೇಕು. ನಡೆದದ್ದೇ ಸರಿ ಅಂತ ನನಗನಿಸುತ್ತದೆ, ಬೆನ್ನು ಅವರದಲ್ಲವೇ.

ಆಕ್ಟ್ರಾಯ್ ಸುಂಕ ಇದ್ದ ಕಾಲದಲ್ಲಿ ಊರಿನ ಅಂಚಿನ ಗೇಟಿನಲ್ಲೇ ಅರ್ಧ ರಾತ್ರಿ ಕಳೆಯುತ್ತಿತ್ತು. 1979ರಲ್ಲಿ ಅದು ಹೋಗಿ ಪ್ರವೇಶ ತೆರಿಗೆ ಬಂತು, ಗೇಟಿನ ಕಾಯುವಿಕೆ ತಪ್ಪಿತು. ವರ್ಷಕ್ಕೊಂದು ರಾತ್ರಿ ಮಾತ್ರ ಯಾವ ಸಾಹುಕಾರನೂ ಲೋಡು ಕೇಳುತ್ತಿರಲಿಲ್ಲ. ಚೈತ್ರ ಪೂರ್ಣಿಮೆಯಂದು ಧರ್ಮರಾಯನ ಗುಡಿಯಿಂದ ಹೊರಟ ಕರಗ ಪೇಟೆಯ ಬೀದಿಗಳನ್ನೆಲ್ಲ ಸುತ್ತಿ ಬೆಳಗಿಗೆ ಮರಳುತ್ತದೆ. ನಮ್ಮ ಅನ್‌ಲೋಡಿಂಗ್ ಹೊತ್ತೂ ಅದೇ. ಅವತ್ತು ಲಾರಿಗಳು ಕಲಾಸಿಪಾಳ್ಯದಲ್ಲೇ ನಿಂತಿರುತ್ತಿದ್ದವು, ನಾವು ಕರಗ ನೋಡಲು ಹೋಗುತ್ತಿದ್ದೆವು.

ಬೀದಿ ಅಗಲ ಮಾಡುವ ಮಾತು ಪೇಟೆಯಲ್ಲಿ ಆಗಾಗ ಏಳುತ್ತದೆ, ಅಂಗಡಿಯವರ ವಿರೋಧದಲ್ಲಿ ಮಲಗುತ್ತದೆ. ಅಷ್ಟರಲ್ಲಿ ಕಿರಿದಾದದ್ದು ಗಾಡಿ. ಮೊದಲು ಬಜಾಜ್ ಟೆಂಪೋ ಕಂಪನಿಯ ಮೂರು ಚಕ್ರದ ಗಾಡಿ, ಆಮೇಲೆ ಮ್ಯಾಟಡೋರ್. 1986ರಲ್ಲಿ ಟಾಟಾ 407 ಬಂದಾಗ ನಮ್ಮವರು ಅದನ್ನು ಆಟದ ಸಾಮಾನು ಅಂದರು, ಎರಡು ವರ್ಷದೊಳಗೆ ಅಂದವರೇ ಸಾಲ ಮಾಡಿ ಕೊಂಡರು. 2005ರಲ್ಲಿ ಟಾಟಾ ಏಸ್ ಬಂತು: ಎರಡು ಸಿಲಿಂಡರು, 16 ಕುದುರೆ ಶಕ್ತಿ, ಒಂದೂವರೆ ಮೀಟರ್ ಅಗಲ. ಎಂಟಡಿಯ ಲಾರಿ ಪಟ್ಟ ಪಾಡು ಅದಕ್ಕಿಲ್ಲ. ಓಣಿಗೆ ಮುಂದಕ್ಕೇ ನುಗ್ಗಿ, ಒಂದೆರಡು ಸಲ ಹಿಂದೆ ಮುಂದೆ ಮಾಡಿ ತಿರುಗಿಕೊಂಡು ಬರುತ್ತದೆ. ಓಡಿಸುವವನು ಒಬ್ಬನೇ, ಕ್ಲೀನರ್ ಇಲ್ಲ. ನಮ್ಮ ವಿದ್ಯೆ ಅಲ್ಲಿಗೆ ಮುಗಿಯಿತು.

ಆದರೆ ಲೆಕ್ಕ ನೋಡಿ. ಏಸ್ ಬಂದಾಗ ಅದು ಹೊರುತ್ತಿದ್ದುದು 750 ಕೇಜಿ. ನಾವು ಒಂದು ಲಾರಿಯಲ್ಲಿ ತರುತ್ತಿದ್ದ ಹತ್ತು ಟನ್ ಮಾಲಿಗೆ ಹದಿನಾಲ್ಕು ಗಾಡಿ ಬೇಕು. ನಾವು ರಾತ್ರಿ ಒಂದು ಓಣಿ ಕಟ್ಟಿ ಬೆಳಗ್ಗೆ ಬಿಟ್ಟುಕೊಡುತ್ತಿದ್ದೆವು, ಇವು ಹಗಲೆಲ್ಲ ಎಲ್ಲ ಓಣಿಗಳಲ್ಲೂ ಇರುತ್ತವೆ. ದೊಡ್ಡ ಲಾರಿಗಳ ಮಾಲು ನೆಲಮಂಗಲದ ಕಡೆಯ ಗೋಡೌನುಗಳಲ್ಲಿ ಇಳಿದು, ಅಲ್ಲಿಂದ ಚೂರುಚೂರಾಗಿ ಊರೊಳಗೆ ಬರುತ್ತದೆ. ಪೇಟೆಯಲ್ಲಿ ದಟ್ಟಣೆ ಕಮ್ಮಿಯಾಗಲಿ ಎಂದು ಸಣ್ಣ ಗಾಡಿ ಮಾಡಿದರು ಅಂತ ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ.

ಏಸ್ ಕೂಡ ಈಗ ಎಲ್ಲ ಬಾಗಿಲಿಗೂ ಹೋಗುವುದಿಲ್ಲ, ಓಣಿಯ ಎರಡೂ ಕಡೆ ಸ್ಕೂಟರ್‌ಗಳು ನಿಂತಿರುತ್ತವೆ. ಅಲ್ಲಿಂದ ಮುಂದೆ ಉದ್ದ ಹಲಗೆಯ ಕೈಗಾಡಿಯೇ ಗತಿ. ಅದರ ಬಾಡಿಗೆ ಬಿಲ್ಟಿಯಲ್ಲಿ ಬರೆದಿರುವುದಿಲ್ಲ. ಅಂಗಡಿಯವರು ಡ್ರೈವರ್ ಕೊಡಲಿ ಅನ್ನುತ್ತಾರೆ, ಡ್ರೈವರ್ ಸಾಹುಕಾರ್ರು ಕೊಡಲಿ ಅನ್ನುತ್ತಾನೆ. ಬುಕಿಂಗ್ ಆಫೀಸಿನಲ್ಲಿ ಕೂತು ನಾನು ತೀರಿಸಿದ ಜಗಳಗಳಲ್ಲಿ ಅರ್ಧ ಇದೇ. ಮೊನ್ನೆ ಬಳೇಪೇಟೆಗೆ ಹೋದಾಗಲೂ ಇಬ್ಬರು ಇದಕ್ಕೇ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಿದ್ದರು, ಕೈಗಾಡಿಯವನು ಮಾತ್ರ ದುಡ್ಡು ಕೈಗೆ ಬರುವ ತನಕ ಕಟ್ಟಿದ ಹಗ್ಗ ಬಿಚ್ಚಲಿಲ್ಲ.