ಹಿಂಬದಿ ಎಂಜಿನ್ ಬಸ್ಸು: ಹುಮನಾಬಾದ್–ಬಸವಕಲ್ಯಾಣ ರಸ್ತೆಯಿಂದ ಒಂದು ಟಿಪ್ಪಣಿ

ಹುಮನಾಬಾದ್ ನಿಲ್ದಾಣಕ್ಕೆ ಹಗಲು ಹೊತ್ತು ಬಂದು ಹೋಗುವ ಸಾಮಾನ್ಯ ಸಾರಿಗೆ ಮತ್ತು ವೇಗದೂತ ಬಸ್ಸುಗಳಲ್ಲಿ ಎಂಜಿನ್ ಇರುವುದು ಡ್ರೈವರನ ಪಕ್ಕದಲ್ಲಿ. ಕತ್ತಲಾದ ಮೇಲೆ ಅದೇ ಊರಿನ ಅಂಚಿನ ಹೆದ್ದಾರಿ ಹಿಡಿದು ಹೈದರಾಬಾದಿನಿಂದ ಪುಣೆ, ಮುಂಬೈ ಕಡೆಗೆ ಸಾಗುವ ವೋಲ್ವೊಗಳಲ್ಲಿ ಅದು ಕೊನೆಯ ಸೀಟಿನ ಕೆಳಗೆ, ಹಿಂದಿನ ಗಾಲಿಗಳ ಆಚೆ ಇರುತ್ತದೆ. ಎಂಜಿನ್ನನ್ನು ಹಿಂದಕ್ಕೆ ಒಯ್ದ ಒಂದಂತಸ್ತಿನ ಬಸ್ಸು ಜಗತ್ತಿನಲ್ಲಿ ಹೊಸತೇನಲ್ಲ, ಅದಕ್ಕೆ ತೊಂಬತ್ತು ವರ್ಷಗಳ ಹತ್ತಿರದ ಇತಿಹಾಸವಿದೆ. ಅಂಥ ಬಸ್ಸು ಈ ಎರಡು ತಾಲ್ಲೂಕುಗಳ ಹಳ್ಳಿ ರಸ್ತೆಗೆ ಏಕೆ ಇಳಿಯಲಿಲ್ಲ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ರಸ್ತೆ ಕೆಟ್ಟದ್ದು, ದುಡ್ಡಿಲ್ಲ ಎಂಬುದು ರೂಢಿಯ ಉತ್ತರ. ಅದರಲ್ಲಿ ಅರ್ಧ ಸತ್ಯವಿದೆ. ನಮ್ಮಲ್ಲಿ ಬಸ್ಸು ಮೊದಲಿನಿಂದಲೂ ಲಾರಿಯ ಚಾಸಿಯ ಮೇಲೆ ಕಟ್ಟಿದ ವಾಹನವಾಗಿಯೇ ಉಳಿಯಿತು, ಎಂಜಿನ್ ಎಲ್ಲಿರಬೇಕೆಂಬುದನ್ನು ಪ್ರಯಾಣಿಕರ ಅನುಕೂಲಕ್ಕಿಂತ ಹೆಚ್ಚಾಗಿ ಲಾರಿಯೇ ನಿರ್ಧರಿಸಿತು ಎಂಬುದು ಉಳಿದರ್ಧ.

ಇಲ್ಲಿನ ಸಾರ್ವಜನಿಕ ಬಸ್ಸಿನ ಕತೆ ಮೈಸೂರಿನಿಂದಲ್ಲ, ಹೈದರಾಬಾದಿನಿಂದ ಶುರುವಾಗುತ್ತದೆ. ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 1932ರ ಜೂನ್‌ನಲ್ಲಿ 27 ಬಸ್ಸು, 166 ನೌಕರರೊಂದಿಗೆ ಕೆಲಸ ಆರಂಭಿಸಿತು. ಪ್ರಯಾಣಿಕ ಸಾರಿಗೆಯನ್ನು ಸರ್ಕಾರವೇ ಕೈಗೆತ್ತಿಕೊಂಡ ಮೊದಮೊದಲ ಉದಾಹರಣೆಗಳಲ್ಲಿ ಇದೊಂದು. ಬಸ್ಸುಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ಅಲ್ಬಿಯನ್ ಕಂಪನಿಯವು. ಎಂಜಿನ್ ಮುಂದೆ, ಅದರ ಹಿಂದೆ ಡ್ರೈವರ್, ಅವನ ಹಿಂದೆ ಜನ. 1951ರ ನವೆಂಬರ್ 1ರಂದು ಈ ವಿಭಾಗ ರೈಲ್ವೆಯಿಂದ ಹೈದರಾಬಾದ್ ರಾಜ್ಯ ಸರ್ಕಾರದ ಕೈಗೆ ಬಂತು. 1956ರ ನವೆಂಬರ್ 1ರಂದು ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಇಲ್ಲಿನ ಸಾರಿಗೆಯೂ ಜೊತೆಗೆ ಬಂತು. ಕಲ್ಯಾಣಿ ಬಸವಕಲ್ಯಾಣವಾದದ್ದೂ ಆ ಕಾಲದ ಮಾತೇ. ಮುಂದೆ 1961ರ ಮೈಸೂರು ನಿಗಮ, 1973ರ ಕೆಎಸ್‌ಆರ್‌ಟಿಸಿ, 2000ದಲ್ಲಿ ಕಲಬುರಗಿ ಕೇಂದ್ರವಾಗಿ ಹುಟ್ಟಿದ ಈಶಾನ್ಯ ನಿಗಮ, 2021ರಲ್ಲಿ ಅದಕ್ಕೆ ಬಂದ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎಂಬ ಹೆಸರು. ಬೋರ್ಡು ಇಷ್ಟು ಸಲ ಬದಲಾದರೂ ಈ ದಾರಿಯ ಸಾಮಾನ್ಯ ಬಸ್ಸಿನ ಎಂಜಿನ್ ಮುಂದಿನ ಗಾಲಿಗಳ ಮೇಲಿಂದ ಕದಲಲಿಲ್ಲ.

ಕದಲಲಿಲ್ಲ ಎಂದರೂ ಡ್ರೈವರನಿಗೂ ಎಂಜಿನ್ನಿಗೂ ಇದ್ದ ನಂಟು ಬದಲಾಯಿತು. ಹಳೆಯ ಮೂತಿ ಬಸ್ಸಿನಲ್ಲಿ ಎಂಜಿನ್ ಜನರ ಕೋಣೆಯ ಹೊರಗಿತ್ತು. ಅದೇ ಉದ್ದದಲ್ಲಿ ಇನ್ನೊಂದಿಷ್ಟು ಸೀಟು ಹಿಡಿಸಲೆಂದು ಮೂತಿ ತೆಗೆದು ಡ್ರೈವರನನ್ನು ಎಂಜಿನ್ನಿನ ಪಕ್ಕಕ್ಕೆ ಕೂರಿಸಿದಾಗ ಎಂಜಿನ್ ಒಳಗೆ ಬಂತು, ಅದರ ಜೊತೆ ಕಾವು ಮತ್ತು ಸದ್ದು ಕೂಡ. ಬೇಸಿಗೆಯಲ್ಲಿ ಈ ಸೀಮೆಯ ಬಸ್ಸು ಓಡಿಸುವವರ ಎಡಗಾಲಿನ ಮೇಲೆ ದಿನವಿಡೀ ಬಾನೆಟ್ಟಿನ ಬಿಸಿ ಬೀಳುತ್ತದೆ. ಮಾಣಿಕನಗರದ ಜಾತ್ರೆ, ಬಸವಕಲ್ಯಾಣದ ಶರಣರ ಸಮಾವೇಶ ಎಂದು ಬಸ್ಸು ಕಿಕ್ಕಿರಿದಾಗ ಬಾನೆಟ್ಟೇ ಸೀಟಾಗುತ್ತದೆ. ಮೇಲೆ ಮಡಚಿದ ಕಂಬಳಿ ಹಾಸಿ ಮೂರು ನಾಲ್ಕು ಮಂದಿ ಕೂರುತ್ತಾರೆ. ಗೇರ್ ಹಾಕಬೇಕಾದಾಗಲೆಲ್ಲ ಡ್ರೈವರ್ ಒಬ್ಬರ ಮೊಣಕಾಲು ಸರಿಸಬೇಕು.

ಎಂಜಿನ್ನನ್ನು ಹಿಂದಕ್ಕೆ ಹಾಕುವ ಆಲೋಚನೆ ಮೊಳೆತದ್ದು ಇಂಥ ಒತ್ತಡದಿಂದಲೇ. ಅಮೆರಿಕದಲ್ಲಿ 1927ರ ಫೇಜಿಯೊಲ್ ಟ್ವಿನ್ ಕೋಚ್ ಎರಡು ಎಂಜಿನ್‌ಗಳನ್ನು ಬಸ್ಸಿನ ನಡುವೆ ಇಟ್ಟಿತು. ಬ್ರಿಟನ್ನಿನ ಎಇಸಿ ಕಂಪನಿ 1932ರ ಕ್ಯೂ ಮಾದರಿಯಲ್ಲಿ ಅದನ್ನು ಮಗ್ಗುಲಿಗೆ ಸರಿಸಿತು. ಗ್ರೇಹೌಂಡ್ ಸಂಸ್ಥೆಗೆ ಯೆಲ್ಲೊ ಕೋಚ್ ಕಂಪನಿ 1936ರಲ್ಲಿ ಕೊಟ್ಟ ದೂರಪ್ರಯಾಣದ ಬಸ್ಸಿನಲ್ಲಿ ಎಂಜಿನ್ ಪೂರ್ತಿ ಹಿಂದೆ ಅಡ್ಡಲಾಗಿ ಕೂತಿತ್ತು. ಲಂಡನ್ ಸಾರಿಗೆ ಸಂಸ್ಥೆಯೂ 1937ರಲ್ಲಿ ಲೇಲ್ಯಾಂಡ್ ಕಬ್ ಎಂಬ ಚಿಕ್ಕ ಬಸ್ಸನ್ನು ಹಿಂಬದಿ ಎಂಜಿನ್‌ನೊಂದಿಗೆ ಮಾಡಿಸಿ ನೋಡಿ, 1939ರಲ್ಲಿ ಇನ್ನಷ್ಟು ತರಿಸಿತು. ಅಷ್ಟರಲ್ಲಿ ಯುದ್ಧ ಬಂತು. ಉಳಿದ ಬಸ್ಸುಗಳಿಗೆ ಹೊಂದದ ಬಿಡಿಭಾಗಗಳ ಈ ಚಿಕ್ಕ ಪಂಗಡ ಹೆಚ್ಚು ಕಾಲ ಬಾಳಲಿಲ್ಲ. ಡಿಪೊದಲ್ಲಿ ಹತ್ತರಲ್ಲಿ ಒಂದು ಬಸ್ಸು ಮಾತ್ರ ಬೇರೆ ಜಾತಿಯದಾದರೆ ಅದು ಶೆಡ್ಡಿನಲ್ಲಿ ನಿಲ್ಲುವುದೇ ಹೆಚ್ಚು. ಲಂಡನ್ನಿಗೆ ನಿಜವಾದದ್ದು ಹುಮನಾಬಾದ್ ಘಟಕಕ್ಕೂ ನಿಜ.

1954ನೆಯ ಇಸವಿಯನ್ನು ನಾನು ಈ ಇತಿಹಾಸದ ಕವಲು ಎಂದು ನೋಡುತ್ತೇನೆ. ಆ ವರ್ಷ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿ ಒ 321 ಎಚ್ ಎಂಬ ಬಸ್ಸನ್ನು ಹೊರತಂದಿತು. ಎಂಜಿನ್ ಹಿಂದೆ, ಲಾರಿ ಚಾಸಿಯ ಹಂಗಿಲ್ಲದ ಹಗುರ ಮೈಕಟ್ಟು. ಯುರೋಪಿನಲ್ಲಿ ಅದು ಸಾವಿರ ಸಾವಿರ ಸಂಖ್ಯೆಯಲ್ಲಿ ಓಡಿತು. ಅದೇ 1954ರಲ್ಲಿ ಅದೇ ಡೈಮ್ಲರ್-ಬೆಂಜ್ ಟಾಟಾ ಕಂಪನಿಯೊಂದಿಗೆ ಕೈಜೋಡಿಸಿ ಜಮ್‌ಶೆಡ್‌ಪುರದಲ್ಲಿ ವಾಹನ ತಯಾರಿ ಶುರು ಮಾಡಿತು. ಆದರೆ ಭಾರತಕ್ಕೆ ಬಂದದ್ದು ಲಾರಿ. ಆ ಕಾಲಕ್ಕೆ ಅದು ಸರಿಯಾದ ಆಯ್ಕೆಯೇ ಆಗಿತ್ತು. ದೇಶಕ್ಕೆ ಧಾನ್ಯ, ಸಿಮೆಂಟು, ಕಲ್ಲಿದ್ದಲು ಸಾಗಿಸುವ ಗಾಡಿ ಬೇಕಿತ್ತು, ಅದೇ ಚಾಸಿಯ ಮೇಲೆ ಬಾಡಿ ಕಟ್ಟಿದರೆ ಬಸ್ಸೂ ಆಗುತ್ತಿತ್ತು. 1955ರಲ್ಲಿ ಅಶೋಕ್ ಲೇಲ್ಯಾಂಡ್ ಎಂದು ಹೆಸರು ಪಡೆದ ಮದರಾಸಿನ ಕಾರ್ಖಾನೆಯೂ ಇದೇ ದಾರಿ ಹಿಡಿಯಿತು. ಹಾಗಾಗಿ ನಮ್ಮ ನಿಗಮಗಳು ದಶಕಗಟ್ಟಲೆ ಕೊಂಡದ್ದು ಬರೀ ಚಾಸಿ. ಬಾಡಿಯನ್ನು ತಮ್ಮ ಕಾರ್ಯಾಗಾರದಲ್ಲೋ ಖಾಸಗಿ ಬಾಡಿ ಕಟ್ಟುವವರಲ್ಲೋ ಕಟ್ಟಿಸಿಕೊಂಡವು.

ಬಸವಕಲ್ಯಾಣದ ಆಟೋ ನಗರ ಇಲ್ಲಿ ಮುಖ್ಯವಾಗುತ್ತದೆ. ಈ ಊರಿಗೆ ಇಂದಿಗೂ ರೈಲಿಲ್ಲ. ಬೀದರ್–ಕಲಬುರಗಿ ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದದ್ದು ಹುಮನಾಬಾದಿನ ಮೂಲಕ, ಬಸವಕಲ್ಯಾಣ ಅದರಿಂದ ಹೊರಗೇ ಉಳಿಯಿತು. ಆದರೆ ಪುಣೆ–ಹೈದರಾಬಾದ್ ಹೆದ್ದಾರಿ, ಅಂದರೆ ಹಿಂದೆ 9, ಈಗ 65 ಎಂಬ ಸಂಖ್ಯೆಯ ರಸ್ತೆ, ಊರಿಗೆ ಹತ್ತಿರದ ಸಸ್ತಾಪುರ ಬಂಗ್ಲಾದ ಬಳಿ ಹಾಯುತ್ತದೆ. ಅದರಿಂದ ಇದು ಲಾರಿಗಳ ಊರಾಯಿತು. ಕಮಾನು ಪಟ್ಟಿ ಬಡಿಯುವವರು, ರೇಡಿಯೇಟರ್ ಬೆಸೆಯುವವರು, ಬಾಡಿ ಕಟ್ಟುವವರು, ಟೈರಿಗೆ ಹೊಸ ಪದರ ಹಾಕುವವರು ಇಲ್ಲಿ ನೆಲೆ ನಿಂತರು. ಟಾಟಾ, ಲೇಲ್ಯಾಂಡ್ ಎಂಜಿನ್ನುಗಳ ಸದ್ದು ಕೇಳಿಯೇ ಕಾಯಿಲೆ ಹೇಳುವ ಮಿಸ್ತ್ರಿಗಳು ಈ ಸೀಮೆಯಲ್ಲಿದ್ದಾರೆ. ಮುಂದೆ ಎಂಜಿನ್ ಇರುವ ಬಸ್ಸಿಗೆ ಈ ತಿಳಿವಳಿಕೆಯೆಲ್ಲ ಹಾಗೆಹಾಗೇ ಒದಗುತ್ತದೆ, ಏಕೆಂದರೆ ಒಳಗಿರುವುದು ಲಾರಿಯದೇ ಎಂಜಿನ್, ಲಾರಿಯದೇ ಗೇರ್ ಬಾಕ್ಸ್, ಲಾರಿಯದೇ ಕ್ಲಚ್ ಪ್ಲೇಟು. ನಡುದಾರಿಯಲ್ಲಿ ಕೆಟ್ಟರೆ ಒಳಗಿನಿಂದಲೇ ಬಾನೆಟ್ ಎತ್ತಿ ನೋಡಬಹುದು. ಮುಂದಿನ ಎಂಜಿನ್ ಉಳಿದುಕೊಂಡದ್ದು ಹಿಂದುಳಿದಿರುವಿಕೆಯ ಗುರುತು ಎಂದು ಬರೆಯುವವರು ಈ ನೈಪುಣ್ಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ದೊಡ್ಡ ಲೋಪ.

ಹಿಂಬದಿ ಎಂಜಿನ್ನಿನ ತೊಂದರೆಗಳೂ ಕಲ್ಪಿತವಲ್ಲ. ಮುಂದಿನ ರೇಡಿಯೇಟರಿಗೆ ಓಡುವ ಬಸ್ಸಿನ ಎದುರುಗಾಳಿ ತಾನಾಗಿ ಸಿಗುತ್ತದೆ. ಹಿಂದಕ್ಕೆ ಹೋದ ರೇಡಿಯೇಟರು ಬಹುಪಾಲು ಫ್ಯಾನನ್ನೇ ನಂಬಬೇಕು. ಓಡುವ ಬಸ್ಸಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕುಸಿದು ರಸ್ತೆಯ ಧೂಳು ಅಲ್ಲೇ ಸುಳಿಯುತ್ತದೆ, ರೇಡಿಯೇಟರಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಕರಿನೆಲದ ಧೂಳು ಡೀಸೆಲ್ ಎಣ್ಣೆಯ ಪಸೆಯೊಂದಿಗೆ ಸೇರಿದರೆ ಹೇಗೆ ಗಟ್ಟಿಯಾಗುತ್ತದೆಂದು ಬೀದರ್ ಜಿಲ್ಲೆಯ ಯಾವ ಟ್ರ್ಯಾಕ್ಟರ್ ಮಾಲೀಕರನ್ನು ಕೇಳಿದರೂ ಹೇಳುತ್ತಾರೆ. ಹಿಂದಿನ ಅಚ್ಚಿನ ಮೇಲೆ ತೂಕ ಹೆಚ್ಚುತ್ತದೆ. ಗಾಲಿಯಾಚೆ ಚಾಚಿದ ಹಿಂಭಾಗ ಎತ್ತರದ ರಸ್ತೆಯುಬ್ಬಿಗೆ ತಾಗುತ್ತದೆ. ಎಂಜಿನ್ ಸದ್ದು ಕಿವಿಗೆ ಬೀಳದ ಡ್ರೈವರನಿಗೆ ಗೇರ್ ಬದಲಿಸುವ ಹದ ಹೊಸದಾಗಿ ಕಲಿಯಬೇಕಾಗುತ್ತದೆ, ಎಂಜಿನ್ ಕಾದದ್ದು ದೀಪ ಹತ್ತಿದಾಗಲೇ ತಿಳಿಯುತ್ತದೆ.

ಧೂಳಿಲ್ಲದ ಲಂಡನ್ ಕೂಡ ಇದಕ್ಕೆ ಸಿಕ್ಕಿ ನರಳಿದೆ. 1966ರಿಂದ ಅಲ್ಲಿನ ಸಾರಿಗೆ ಸಂಸ್ಥೆ ಎಇಸಿ ಮರ್ಲಿನ್, ಸ್ವಿಫ್ಟ್ ಎಂಬ ಹಿಂಬದಿ ಎಂಜಿನ್ನಿನ ಒಂದಂತಸ್ತಿನ ಬಸ್ಸುಗಳನ್ನು ಸಾವಿರಕ್ಕೂ ಮಿಕ್ಕು ಸಂಖ್ಯೆಯಲ್ಲಿ ಕೊಂಡಿತು. ಹತ್ತು ವರ್ಷ ತುಂಬುವ ಮೊದಲೇ ಅವನ್ನು ತೆಗೆದುಹಾಕಲು ತೊಡಗಿತು. ಆದರೆ ಅದೇ ದೇಶದಲ್ಲಿ 1962ರಲ್ಲಿ ಬಂದ ಬ್ರಿಸ್ಟಲ್ ಆರ್‌ಇ ಎರಡು ದಶಕ ತಯಾರಾಯಿತು, ಚಾಲಕರೂ ಮೆಕ್ಯಾನಿಕ್‌ಗಳೂ ಮೆಚ್ಚಿದರು. ವ್ಯತ್ಯಾಸ ಇದ್ದದ್ದು ಯಂತ್ರದ ಜೋಡಣೆಯಲ್ಲಿ. ಆರ್‌ಇ ಬಸ್ಸಿನ ಎಂಜಿನ್ ಹಿಂದಿತ್ತು, ಗೇರ್ ಬಾಕ್ಸನ್ನು ಅಚ್ಚಿನ ಮುಂಭಾಗಕ್ಕೆ ತಂದು ತೂಕ ಹಂಚಿದ್ದರು, ರೇಡಿಯೇಟರನ್ನು ಮಾತ್ರ ಮುಂದೆಯೇ ಉಳಿಸಿ ಬಸ್ಸಿನ ಉದ್ದಕ್ಕೂ ನೀರಿನ ಕೊಳವೆ ಎಳೆದಿದ್ದರು. ಹಿಂಬದಿ ಎಂಜಿನ್ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಗಾಳಿ, ತೂಕ, ದುರಸ್ತಿ ಈ ಮೂರನ್ನು ಯಾರು ಹೇಗೆ ಬಗೆಹರಿಸಿದರು ಎಂಬುದರ ಮೇಲೆ ಅದರ ಬಾಳಿಕೆ ನಿಂತಿದೆ.

ಕರ್ನಾಟಕಕ್ಕೆ ಈ ಬಸ್ಸು ದೊಡ್ಡ ಪ್ರಮಾಣದಲ್ಲಿ ಬಂದದ್ದು ವೋಲ್ವೊ ಮೂಲಕ. ಹೊಸಕೋಟೆಯ ಕಾರ್ಖಾನೆಯಿಂದ 2001ರಲ್ಲಿ ಹೊರಬಂದ ಬಿ7ಆರ್ ಚಾಸಿಗೆ ಹಿಂದೆ 7 ಲೀಟರಿನ ಎಂಜಿನ್, ಕಮಾನು ಪಟ್ಟಿಯ ಬದಲು ಗಾಳಿಯ ಸಸ್ಪೆನ್ಷನ್. ಕೆಎಸ್‌ಆರ್‌ಟಿಸಿ ಅದಕ್ಕೆ ಐರಾವತ ಎಂದು ಹೆಸರಿಟ್ಟಿತು. 2006ರಲ್ಲಿ ಬಿಎಂಟಿಸಿ ಅದರ ತಗ್ಗು ನೆಲದ ರೂಪವನ್ನು ಬೆಂಗಳೂರಿನ ಬೀದಿಗೆ ತಂದು ವಜ್ರ ಎಂದು ಕರೆಯಿತು. ನಮ್ಮ ನಿಗಮವೂ ಈಗ ಕಲ್ಯಾಣ ರಥ ಎಂಬ ಹವಾನಿಯಂತ್ರಿತ ಸ್ಲೀಪರ್ ಬಸ್ಸುಗಳನ್ನು ದೂರದ ಊರುಗಳಿಗೆ ಓಡಿಸುತ್ತಿದೆ. ಇವು ಚೆನ್ನಾದ ಬಸ್ಸುಗಳು, ಅದರಲ್ಲಿ ಅನುಮಾನವಿಲ್ಲ. ಆದರೆ ಹಿಂಬದಿ ಎಂಜಿನ್ ಇಲ್ಲಿಗೆ ಬಂದದ್ದು ಎಸಿಯ ಜೊತೆ, ಹೆಚ್ಚಿನ ಟಿಕೆಟ್ ದರದ ಜೊತೆ, ರಾತ್ರಿಯ ದೂರಪ್ರಯಾಣದ ಜೊತೆ. ಹೀಗಾಗಿ ಜನರ ಮನಸ್ಸಿನಲ್ಲಿ ಅದು ಐಷಾರಾಮದ ವಸ್ತುವಾಗಿ ಕೂತಿತು. ಅಮೆರಿಕದ ಊರೂರಲ್ಲೂ ಜರ್ಮನಿಯ ಸಣ್ಣ ಪೇಟೆಗಳಲ್ಲೂ ಅದು ದಿನಗೂಲಿಯವರ, ಶಾಲೆ ಮಕ್ಕಳ ಬಸ್ಸಾಗಿತ್ತು ಎಂಬುದು ಇಲ್ಲಿ ಯಾರ ಗಮನಕ್ಕೂ ಬರಲಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಾಗ ಈ ವಿಂಗಡಣೆ ಇನ್ನೂ ಸ್ಪಷ್ಟವಾಯಿತು. ಮಹಿಳೆಯರಿಗೆ ರಾಜ್ಯದೊಳಗೆ ಟಿಕೆಟ್ ದರವಿಲ್ಲದ ಪ್ರಯಾಣ ದೊರಕಿದ್ದು ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ. ಐರಾವತ, ವಜ್ರದಂಥ ಐಷಾರಾಮಿ ಬಸ್ಸುಗಳು ಹೊರಗುಳಿದವು. ಎಂದರೆ ಅತಿ ಹೆಚ್ಚು ಹೆಂಗಸರು, ವಯಸ್ಸಾದವರು, ಕಂಕುಳ ಕೂಸಿನ ತಾಯಂದಿರು ಹತ್ತುವುದು ಎತ್ತರದ ನೆಲದ ಬಸ್ಸನ್ನೇ.

ನೆಲದ ಎತ್ತರಕ್ಕೂ ಎಂಜಿನ್ ಇರುವ ಜಾಗಕ್ಕೂ ನೇರ ಸಂಬಂಧವಿದೆ. ಎಂಜಿನ್ ಮುಂದಿದ್ದರೆ ಅದರ ಬಲ ಹಿಂದಿನ ಗಾಲಿಗೆ ತಲುಪಲು ಬಸ್ಸಿನ ಉದ್ದಕ್ಕೂ ಪ್ರೊಪೆಲ್ಲರ್ ಶಾಫ್ಟ್ ತಿರುಗಬೇಕು. ಅದರ ಮೇಲೆ ಚಾಸಿಯ ತೊಲೆಗಳು, ತೊಲೆಗಳ ಮೇಲೆ ನೆಲ. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹತ್ತುವ ಅಜ್ಜಿಯೊಬ್ಬರನ್ನು ನೋಡಿದರೆ ಲೆಕ್ಕ ತಿಳಿಯುತ್ತದೆ: ಮೊದಲು ಕೈಚೀಲ ಒಳಗಿಟ್ಟು, ಬಾಗಿಲ ಸರಳು ಎರಡೂ ಕೈಯಲ್ಲಿ ಹಿಡಿದು, ಮೊದಲ ಮೆಟ್ಟಿಲಿಗೆ ಮೊಣಕಾಲೂರಿ, ಹಿಂದೆ ನಿಂತವರು ಬೆನ್ನಿಗೆ ಕೈ ಕೊಟ್ಟ ಮೇಲೆ ಎರಡನೆಯ ಮೆಟ್ಟಿಲು, ಮತ್ತೆ ಮೂರನೆಯದು. ಎಂಜಿನ್ ಹಿಂದಿದ್ದರೆ ಶಾಫ್ಟ್ ಮೊಳದುದ್ದಕ್ಕೆ ಮುಗಿಯುತ್ತದೆ, ಮುಂಭಾಗದ ನೆಲವನ್ನು ತಗ್ಗಿಸಬಹುದು. ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 2008ರ ನಗರ ಬಸ್ ನಿರ್ದಿಷ್ಟತೆಗಳು ನೆಲಕ್ಕೆ 400, 650, 900 ಮಿಲಿಮೀಟರ್ ಎಂಬ ಮೂರು ಎತ್ತರಗಳನ್ನು ಹೇಳಿದವು. 400ರ ತಗ್ಗಿಗೆ ನಡುವೆ ಹಾಯುವ ಶಾಫ್ಟು ಅಡ್ಡಿ. 900 ಎಂಬುದು ಮುಂದಿನ ಎಂಜಿನ್ ಇಟ್ಟುಕೊಂಡೂ ಸಾಧ್ಯ. ಆದರೆ ಆ ದಾಖಲೆ ಹೆಸರಿಗೆ ತಕ್ಕಂತೆ ನಗರಗಳಿಗೆ. ತಾಲ್ಲೂಕು ಕೇಂದ್ರದಿಂದ ಹಳ್ಳಿಗೆ ಓಡುವ ಬಸ್ಸಿನ ನೆಲ ಎಷ್ಟು ಎತ್ತರವಿರಬೇಕೆಂದು ಅದು ಹೇಳುವುದಿಲ್ಲ.

ಎಲ್ಲ ಬಸ್ಸುಗಳ ಎಂಜಿನ್ನನ್ನೂ ಹಿಂದಕ್ಕೆ ಹಾಕಿ ಎಂದು ನಾನು ವಾದಿಸುತ್ತಿಲ್ಲ. ಮಳೆಗಾಲದಲ್ಲಿ ಒಳಹಳ್ಳಿಗೆ ಹೋಗಿ ರಾತ್ರಿ ತಂಗುವ ಬಸ್ಸಿಗೆ ಮುಂದಿನ ಎಂಜಿನ್ನೇ ಸರಿ, ಬಸವಕಲ್ಯಾಣದ ಮಿಸ್ತ್ರಿಯೇ ಅದಕ್ಕೆ ವೈದ್ಯ. ಆದರೆ ಹುಮನಾಬಾದ್–ಬಸವಕಲ್ಯಾಣ, ಹುಮನಾಬಾದ್–ಬೀದರ್, ಹುಮನಾಬಾದ್–ಕಲಬುರಗಿ ದಾರಿಗಳು ಇಂದು ಡಾಂಬರಿನ ಹೆದ್ದಾರಿಗಳು. ಭಾರವಾದ ವೋಲ್ವೊಗಳು ದಿನಾ ಓಡುವ ರಸ್ತೆಯಲ್ಲಿ, ಎಸಿ ಇಲ್ಲದ, ಶಕ್ತಿ ಯೋಜನೆಗೆ ಸೇರಿದ, ನೆಲ ತಗ್ಗಿದ ಹಿಂಬದಿ ಎಂಜಿನ್ ಬಸ್ಸು ಓಡದು ಎನ್ನಲು ಯಂತ್ರಶಾಸ್ತ್ರದಲ್ಲಿ ಕಾರಣವಿಲ್ಲ. ಬಿಡಿಬಿಡಿಯಾಗಿ ಒಂದೆರಡು ತಂದರೆ ಲಂಡನ್ನಿನ ಕಬ್ ಬಸ್ಸುಗಳ ಗತಿಯೇ ಆದೀತು. ಒಂದು ಘಟಕಕ್ಕೆ ಸಾಕಾಗುವಷ್ಟನ್ನು ಒಟ್ಟಿಗೆ ಕೊಟ್ಟು, ಅಲ್ಲಿನ ಮೆಕ್ಯಾನಿಕ್‌ಗಳಿಗೆ ತರಬೇತಿ, ರೇಡಿಯೇಟರ್ ತೊಳೆಯಲು ದಿನಚರಿಯಲ್ಲಿ ಸಮಯ, ಬಿಡಿಭಾಗದ ದಾಸ್ತಾನು ಇವಿಷ್ಟನ್ನು ಮೊದಲು ಒದಗಿಸಬೇಕು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಮುಂದಿನ ಸಲ ಚಾಸಿ ಕೊಳ್ಳುವಾಗ ಟೆಂಡರಿನಲ್ಲಿ ಬೆಲೆ, ಮೈಲೇಜುಗಳ ಜೊತೆಗೆ ನೆಲದ ಎತ್ತರವನ್ನೂ ಒಂದು ಷರತ್ತಾಗಿ ಬರೆಯಲಿ, ಮೊದಲ ತಂಡವನ್ನು ಹುಮನಾಬಾದ್ ಘಟಕಕ್ಕೆ ಕೊಡಲಿ.